ಪೆಟ್ರೋಲ್ ಅಕ್ಕ, ಡೀಸೆಲ್ ತಮ್ಮ

ಜನವರಿ ೯

ತಮ್ಮಾ,

ನಾನು ಗಟ್ಟಿಮುಟ್ಟಾಗಿದ್ದೇನೆ. ಕ್ಷೇಮಸಮಾಚಾರಕ್ಕೆ ಇಷ್ಟು ಸಾಕು, ಉಳಿದ ಕಾಗದವೆಲ್ಲ ಒಂದು ಪ್ರಶ್ನೆಗೆ. ಉತ್ತರ ಹೇಳಲು ಫೋನ್ ಮಾಡಬೇಡ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಕಿರುಚುತ್ತೇನೆ, ಕೊನೆಗೆ ಇಬ್ಬರೂ ಬಿಸಿಲು ಜಾಸ್ತಿಯಾಯಿತು ಎಂದು ಹೇಳಿಕೊಂಡು ಇಟ್ಟುಬಿಡುತ್ತೇವೆ. ಬರೆದರೆ ನೀನು ಪೂರ್ತಿ ಓದಲೇಬೇಕು.

ನಾನು ಓಡಿಸುವ ಆಸ್ಪತ್ರೆಯ ವ್ಯಾನು ಡಾಂಬರು ಮುಗಿಯುವ ಮೋರಿಯ ಹತ್ತಿರ ನಿಂತುಬಿಡುತ್ತದೆ. ಅಲ್ಲಿಂದ ಮೇಲೆ ಕಲ್ಲು, ಕೆಸರು, ಒಂದು ಹಳ್ಳ, ಆಮೇಲೆ ಕಲ್ಲುಕ್ವಾರಿಯಲ್ಲಿ ದುಡಿಯುವವರ ಮನೆಗಳು. ಅಲ್ಲಿ ಯಾರಿಗಾದರೂ ಏನಾದರೂ ಆದರೆ ಮನೆಯ ಬಾಗಿಲನ್ನೇ ಕಿತ್ತು, ಅದರ ಮೇಲೆ ಮಲಗಿಸಿ, ಮೋರಿಯವರೆಗೆ ಹೊತ್ತು ತರುತ್ತಾರೆ. ಹೋದ ವಾರ ಒಬ್ಬನನ್ನು ತಂದರು. ಬಂಡೆ ಜಾರಿ ಕಾಲು ಮುರಿದಿತ್ತು. ಹೊತ್ತವರಲ್ಲಿ ಒಬ್ಬ ಎಡವಿ ಬಾಗಿಲು ವಾಲಿದಾಗ ಅವನು ಕೂಗಿಕೊಂಡದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಾನು ವ್ಯಾನಿನಲ್ಲಿ ಕೂತು ನೋಡುತ್ತಿದ್ದೆ. ಕೂತು ನೋಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ ಎಂದು ಮೈಯೆಲ್ಲ ಉರಿಯಿತು.

ಆಸ್ಪತ್ರೆಯ ಸಮಿತಿಯ ಮುಂದೆ ಹೋಗಿ ನಿಂತೆ. ನಮ್ಮ ಉಸ್ತುವಾರಿಯವರನ್ನು ನಾವೆಲ್ಲ ಬೆನ್ನ ಹಿಂದೆ ಸೀಲು ಸಾಹೇಬರು ಎನ್ನುತ್ತೇವೆ, ಸೀಲು ಒತ್ತದೆ ಅವರು ಕೆಮ್ಮುವುದೂ ಇಲ್ಲ. ಅವರು ಹೇಳಿದರು: "ಸ್ವಂತ ಫೋರ್ ವೀಲ್ ಡ್ರೈವ್ ಗಾಡಿ ತಂದೋರಿಗೆ ಮೇಲಿನ ದಾರಿ ಕೆಲಸ ಕೊಡ್ತೀವಿ. ಏಪ್ರಿಲ್‌ನಲ್ಲಿ ಹತ್ತಿಸಿ ತೋರಿಸ್ಬೇಕು. ಯಾರೂ ಬರ್ಲಿಲ್ಲ ಅಂದ್ರೆ ಆ ದಾರಿ ಕೈಬಿಡ್ತೀವಿ. ಬೇಕಾದೋರು ಇಳಿದು ಬರ್ಲಿ."

"ನಾನು ತರ್ತೀನಿ" ಎಂದೆ.

"ನೀವಾ?"

"ನಾನೇ. ಯಾಕೆ, ಕೂತಿರೋರು ಯಾರು ಅಂತ ಗಾಡಿ ತಿರುಗಿ ನೋಡುತ್ತಾ?"

ಎಲ್ಲರೂ ನಕ್ಕರು. ನಗಲಿ. ಹಳೆ ಗಾಡಿ ಮಾರುವವನ ಅಂಗಳದಲ್ಲಿ ಎರಡು ಗಾಡಿ ನೋಡಿ ಬಂದಿದ್ದೇನೆ. ಒಂದೇ ಕಂಪನಿ, ಒಂದೇ ಮಾದರಿ. ಬೂದು ಬಣ್ಣದ್ದು ಡೀಸೆಲ್, ಹಸಿರಿನದು ಪೆಟ್ರೋಲ್. ದುಡ್ಡು ನನ್ನ ತಲೆನೋವು, ಅದರಲ್ಲಿ ಮೂಗು ತೂರಿಸಬೇಡ. ಎಂಜಿನ್ನಿನ ವಿಷಯ ನಿನ್ನದು, ಕಾರ್ಖಾನೆಯಲ್ಲಿ ಅದನ್ನೇ ಪರೀಕ್ಷೆ ಮಾಡುತ್ತ ತಲೆ ನರೆಸಿಕೊಂಡಿದ್ದೀಯ. ಹೇಳು, ಪೆಟ್ರೋಲೋ ಡೀಸೆಲೋ?

ಮನೆಯವರನ್ನೆಲ್ಲ ಕೇಳಿದೆನೆಂದು ಹೇಳು.

ನಿನ್ನ ಅಕ್ಕ


ಜನವರಿ ೨೧

ಅಕ್ಕಾ,

ಇದೂ ಒಂದು ಪ್ರಶ್ನೆಯೇ? ಡೀಸೆಲ್. ಬೇಕಾದರೆ ಕಾಗದ ಇಲ್ಲಿಗೇ ಮಡಚಿಡು.

ಮಡಚಲಿಲ್ಲ ಎಂದು ಗೊತ್ತು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಏರು ದಾರಿಯಲ್ಲಿ ಭಾರ ಹೊತ್ತು ನಿಧಾನವಾಗಿ ಹತ್ತಬೇಕಾದರೆ ಡೀಸೆಲ್ಲಿಗೆ ಸಮ ಇನ್ನೊಂದಿಲ್ಲ. ಆ್ಯಕ್ಸಿಲರೇಟರ್ ಮೇಲೆ ಕಾಲಿಟ್ಟರೂ ಇಡದಿದ್ದರೂ ಅದು ತನ್ನ ಪಾಡಿಗೆ ದೂಡಿಕೊಂಡು ಹೋಗುತ್ತದೆ. ಪೆಟ್ರೋಲ್ ಎಂಜಿನ್ನನ್ನು ಕೆರಳಿಸಿ ಕೆರಳಿಸಿ ಕೆಲಸ ತೆಗೆಯಬೇಕು. ಹಳ್ಳಕ್ಕಿಳಿದರೆ ಡೀಸೆಲ್ಲಿಗೆ ಪೆಟ್ರೋಲಿನ ಹಾಗೆ ಒದ್ದೆಯಾಗಿ ಸಾಯುವ ಪ್ಲಗ್ಗಿನ ಕಿಡಿಯೇ ಇಲ್ಲ. ಎಣ್ಣೆಯೂ ಕಡಿಮೆ ಕುಡಿಯುತ್ತದೆ. ಎಲ್ಲಕ್ಕಿಂತ ದೊಡ್ಡದು, ಕ್ಲಚ್ಚು ಬಿಡುವುದರಲ್ಲಿ ಹೆಚ್ಚುಕಡಿಮೆಯಾದರೂ ಎಂಜಿನ್ ಆರುವುದಿಲ್ಲ. ಓಡಿಸುವವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ.

ಅಪ್ಪ ಲಾರಿ ಓಡಿಸಿದ್ದು ಯಾವುದರ ಮೇಲೆ? ನಮ್ಮಿಬ್ಬರ ಅನ್ನ ಡೀಸೆಲ್ಲಿನದು. ಇವತ್ತಿಗೂ ನಾನು ಪರೀಕ್ಷಾ ಬೆಂಚಿನ ಮೇಲೆ ಕೂರಿಸಿ, ಕಿವಿಗೊಟ್ಟು ಕೇಳಿ, ಸರಿ ಎನ್ನದೆ ಒಂದು ಡೀಸೆಲ್ ಎಂಜಿನ್ನೂ ನಮ್ಮ ಕಾರ್ಖಾನೆಯ ಗೇಟು ದಾಟುವುದಿಲ್ಲ. ಬೂದು ಗಾಡಿಯ ಎಂಜಿನ್ ನಮ್ಮಲ್ಲೇ ಹುಟ್ಟಿದ್ದು, ನನ್ನ ಕೈ ದಾಟಿ ಬಂದದ್ದು.

ಇನ್ನೊಂದು ಮಾತು. ಗಾಡಿ ಕೊಳ್ಳು, ಬೇಡ ಎನ್ನುವುದಿಲ್ಲ, ಹೇಳಿದರೆ ನೀನು ಕೇಳುವವಳೂ ಅಲ್ಲ. ಆದರೆ ಆ ದಾರಿಗೆ ಒಬ್ಬ ಒಳ್ಳೆ ಡ್ರೈವರನ್ನು ಇಟ್ಟುಕೋ. ನೀನು ಪಕ್ಕದಲ್ಲಿ ಕೂತು ದಾರಿ ತೋರಿಸು, ರೋಗಿಯನ್ನು ನೋಡಿಕೋ. ವಯಸ್ಸೂ ನೋಡಬೇಕಲ್ಲ.

ಡೀಸೆಲ್ ಫಿಲ್ಟರುಗಳು, ಒಂದಷ್ಟು ವಾಷರು, ಗ್ಯಾಸ್ಕೆಟ್ಟು ಎಲ್ಲ ಪಾರ್ಸೆಲ್ ಮಾಡಿದ್ದೇನೆ. ಬೂದು ಗಾಡಿ ಮನೆಗೆ ಬರುವ ಹೊತ್ತಿಗೆ ತಲುಪುತ್ತದೆ.

ಪ್ರೀತಿಯ ತಮ್ಮ


ಫೆಬ್ರವರಿ ೨

ತಮ್ಮಾ,

ನಿನ್ನ ಪಾರ್ಸೆಲ್ ತಲುಪಿತು. ಗಾಡಿಯೇ ಇಲ್ಲದ ಮನೆಯಲ್ಲಿ ಫಿಲ್ಟರುಗಳು ಮೇಜಿನ ಮೇಲೆ ಸಾಲಾಗಿ ಕೂತಿವೆ, ಮದುವೆ ಗೊತ್ತಾಗುವ ಮೊದಲೇ ಬಂದಿಳಿದ ನೆಂಟರ ಹಾಗೆ.

ಒಳ್ಳೆ ಡ್ರೈವರನ್ನು ಇಟ್ಟುಕೋ ಎಂದೆಯಲ್ಲ, ಈ ಕಾಗದ ಬರೆಯುತ್ತಿರುವವಳು ಯಾರು ಎಂದುಕೊಂಡಿದ್ದೀಯ? ಅಪ್ಪ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟೀರಿಂಗ್ ಕೊಟ್ಟರು. ನಾನು ಹಿಂದೆ ಮೂಟೆಗಳ ಮಧ್ಯೆ ನಿಂತು, ಕಂಡಿಯಲ್ಲಿ ಇಣುಕಿ ಕಲಿತೆ. ಕಲಿತ ಮೇಲೆ ಅನ್ನ ಬೇಯಿಸಿಕೊಂಡದ್ದೂ ಅದರಿಂದಲೇ. ಇವತ್ತಿನವರೆಗೆ ನನ್ನ ವ್ಯಾನಿನಲ್ಲಿ ಒಬ್ಬ ರೋಗಿಯೂ ಸೀಟಿನಿಂದ ಉರುಳಿ ಬಿದ್ದಿಲ್ಲ. ವಯಸ್ಸಿನ ಮಾತು ಇನ್ನೊಮ್ಮೆ ಎತ್ತಿದರೆ ನೋಡು.

ಈಗ ಎಂಜಿನ್ನಿನ ವಿಷಯ. ನಿನ್ನ ಮಾತನ್ನು ನಾನು ಹಾಗೆಯೇ ನುಂಗಲಿಲ್ಲ, ಪರೀಕ್ಷೆ ಮಾಡಿದೆ. ನಮ್ಮ ಆಸ್ಪತ್ರೆಯ ದಾದಿಯನ್ನು ಕರೆದುಕೊಂಡು ಹೋಗಿ ಮೊದಲು ಬೂದು ಗಾಡಿಯ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ಹೊಟ್ಟೆಯ ಮೇಲೆ ನೀರು ತುಂಬಿದ ಸ್ಟೀಲ್ ಬಟ್ಟಲು ಇಟ್ಟೆ. ಗಾಡಿ ಇನ್ನೂ ಹೊರಟೇ ಇಲ್ಲ, ಸುಮ್ಮನೆ ಸ್ಟಾರ್ಟ್ ಆಗಿ ನಿಂತಿದೆ, ಅಷ್ಟರಲ್ಲೇ ಅವಳಿಗೆ ಅರ್ಧ ಸ್ನಾನವಾಯಿತು. "ಅಕ್ಕೋ, ಇದು ಗಾಡಿನಾ, ಜರಡಿನಾ?" ಎಂದಳು. ಹಸಿರು ಗಾಡಿಯಲ್ಲಿ ಅದೇ ಬಟ್ಟಲು, ಅದೇ ಹೊಟ್ಟೆ. ಎಂಜಿನ್ ಶುರುವಾಗಿದೆಯೋ ಇಲ್ಲವೋ ಎಂದು ಅವಳೇ ತಲೆ ಎತ್ತಿ ಕೇಳಿದಳು. ಮೂಳೆ ಮುರಿದವನ ಮೈಗೆ ಈ ಎರಡರ ನಡುವೆ ಎಷ್ಟು ಅಂತರ ಎಂದು ನಿನ್ನ ಬೆಂಚು ಹೇಳುತ್ತದೆಯೇ?

ಮೋರಿಯಿಂದ ಕ್ವಾರಿಗೆ ದೂರವೇನಿಲ್ಲ. ಹತ್ತುವುದು, ನಿಲ್ಲುವುದು, ಇಳಿಯುವುದು, ಇಷ್ಟೇ ಇಡೀ ದಿನ. ಅಷ್ಟರಲ್ಲಿ ಡೀಸೆಲ್ ಎಂಜಿನ್ ಸರಿಯಾಗಿ ಕಾಯುವುದೂ ಇಲ್ಲ. ನಮ್ಮ ಹೊಸ ವ್ಯಾನಿಗೆ ಆದದ್ದೇ ಇದಕ್ಕೂ ಆಗುತ್ತದೆ. ಅದು ಊರೊಳಗೇ ಸುತ್ತಿ ಸುತ್ತಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಂಡು, ಕೆಂಪು ದೀಪ ಹಚ್ಚಿಕೊಂಡು, ತಿಂಗಳಲ್ಲಿ ಹದಿನೈದು ದಿನ ಗ್ಯಾರೇಜಿನಲ್ಲೇ ಬಿದ್ದಿರುತ್ತದೆ. ಇನ್ನು ಕ್ವಾರಿಯವರ ಎದೆಯಲ್ಲಿ ಕಲ್ಲಿನ ಪುಡಿ ಆಗಲೇ ತುಂಬಿದೆ. ಅವರ ಬಾಗಿಲಲ್ಲಿ ನಿಂತು ಹೊಗೆ ಉಗುಳುವ ಗಾಡಿ ಯಾಕೆ?

ನಮ್ಮ ಅನ್ನ ಡೀಸೆಲ್ಲಿನದು ಎಂದೆಯಲ್ಲ. ಹೌದು. ಅಪ್ಪನ ಕೆಮ್ಮೂ.

ಇನ್ನೂ ಕೊಂಡಿಲ್ಲ. ಮನಸ್ಸು ಹಸಿರಿನ ಕಡೆಗಿದೆ. ಮುಚ್ಚಿಡುವುದು ನನ್ನ ಜಾಯಮಾನವಲ್ಲ, ಅದಕ್ಕೆ ಬರೆದೆ.

ಅಕ್ಕ, ಡ್ರೈವರ್


ಫೆಬ್ರವರಿ ೧೪

ಅಕ್ಕಾ,

ಬಟ್ಟಲಲ್ಲಿ ನೀರಿಟ್ಟು ಎಂಜಿನ್ ಆಯ್ಕೆ ಮಾಡುವವರನ್ನು ನಾನು ಇದೇ ಮೊದಲು ಕಂಡದ್ದು. ಕಾರ್ಖಾನೆಯಲ್ಲಿ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಹೇಳಲಿಲ್ಲ, ನಮ್ಮ ಮನೆಯ ಮರ್ಯಾದೆ.

ದಾದಿಯ ಹೊಟ್ಟೆ ಒದ್ದೆಯಾಗಲಿಲ್ಲ ಎಂದು ಕೊಂಡ ಗಾಡಿ ನಾಳೆ ಹಳ್ಳದ ನಡುವೆ ಒದ್ದೆಯಾಗಿ ನಿಂತಾಗ ಯಾರನ್ನು ಕೂಗುತ್ತೀ? ಸಮಿತಿಯವರು ದಡದಲ್ಲಿ ಕೈಕಟ್ಟಿ ನಿಂತಿರುತ್ತಾರೆ, ನೆನಪಿಟ್ಟುಕೋ. ನಿನ್ನ ಮೇಲಿನ ದಾರಿ ಅಲ್ಲಿಗೆ ಮುಗಿಯಿತು.

ಈಗೀಗ ಎಲ್ಲರಿಗೂ ಡೀಸೆಲ್ ಎಂದರೆ ಮೂಗು ಮುಚ್ಚಿಕೊಳ್ಳುವ ರೋಗ ಬಂದಿದೆ. ಅದರ ಬೆನ್ನ ಮೇಲೆ ಊರು ಕಟ್ಟಿದವರೇ ಅದನ್ನು ಹೊರಗೆ ಹಾಕಲು ಹೊರಟಿದ್ದಾರೆ. ನೀನೂ ಅವರ ಜೊತೆ ಸೇರು.

ಪೆಟ್ರೋಲೇ ಕೊಳ್ಳುವುದಾದರೆ ನನ್ನನ್ನು ಕೇಳಿದ್ದೇಕೆ? ಕೊಂಡರೆ ನನಗೆ ಬರೆಯಬೇಡ.

ತಮ್ಮ


ಫೆಬ್ರವರಿ ೨೬

ಅತ್ತಿಗೆಯವರಿಗೆ ನಮಸ್ಕಾರ.

ನಾನು ಬರೆದದ್ದು ನಿಮ್ಮ ತಮ್ಮನಿಗೆ ಗೊತ್ತಿಲ್ಲ. ಗೊತ್ತಾದರೂ ಪರವಾಗಿಲ್ಲ, ಬೈಸಿಕೊಳ್ಳುವುದು ನನಗೆ ರೂಢಿಯಾಗಿದೆ.

ನಿಮ್ಮ ಕಾಗದ ಓದಿ ಇವರು ಊಟ ಬಿಟ್ಟು ಎದ್ದು ಹೋದರು. ಎಂಜಿನ್ನಿನ ವಿಷಯಕ್ಕೆ ಇಷ್ಟೊಂದು ಕೋಪವೇ ಎಂದು ನಿಮಗೆ ಅನ್ನಿಸಬಹುದು. ವಿಷಯ ಬೇರೆ ಇದೆ. ಕಾರ್ಖಾನೆಯಲ್ಲಿ ಡೀಸೆಲ್ ವಿಭಾಗ ಮುಚ್ಚುತ್ತಿದ್ದಾರೆ. ಏಪ್ರಿಲ್ ಕೊನೆಗೆ ಇವರ ಬೆಂಚು ಇರುವುದಿಲ್ಲ. ಪೆಟ್ರೋಲ್ ಬೆಂಚಿಗೆ ಬನ್ನಿ, ಅದೇ ಸಂಬಳ, ಕಲಿಸುತ್ತೇವೆ ಎಂದು ಕರೆದಿದ್ದಾರೆ. ಇವರು, "ಇಷ್ಟು ವಯಸ್ಸಾದ್ಮೇಲೆ ಹೊಲಿಗೆ ಮಿಷಿನ್ ರಿಪೇರಿ ಮಾಡೋಕೆ ನಾನು ಬರಲ್ಲ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದಿದ್ದಾರೆ. ಒಪ್ಪದಿದ್ದರೆ ಮೇ ತಿಂಗಳಿಂದ ಮನೆಯಲ್ಲಿ ಕೂರಬೇಕು. ಮಗಳ ಓದು ಇನ್ನೂ ಮುಗಿದಿಲ್ಲ.

ನಿಮಗೆ ಹೇಳಬಾರದು ಎಂದು ಆಣೆ ಹಾಕಿಸಿಕೊಂಡಿದ್ದರು. "ಅಕ್ಕನ ಮುಂದೆ ನಾನು ಬೇಡವಾದೋನು ಅನ್ನಿಸ್ಕೊಳ್ಳಲ್ಲ" ಅಂತ.

ಅತ್ತಿಗೆ, ಬಾಯಿ ಬಿಟ್ಟು ಕೇಳುತ್ತೇನೆ. ಆ ಬೂದು ಗಾಡಿಯನ್ನೇ ಕೊಂಡುಬಿಡಿ. ನಿಮ್ಮಿಂದಲಾದರೂ ಒಂದು ಡೀಸೆಲ್ ಬೇಕೆನ್ನಿಸಿಕೊಂಡರೆ ಇವರ ಮನಸ್ಸು ಸ್ವಲ್ಪ ತಣ್ಣಗಾಗುತ್ತದೆ. ಆಮೇಲೆ ನಾನು ಹೇಗಾದರೂ ಒಪ್ಪಿಸುತ್ತೇನೆ.

ನಿಮ್ಮ ತಮ್ಮನ ಹೆಂಡತಿ


ಮಾರ್ಚ್ ೬

ತಮ್ಮಾ,

ಬರೆಯಬೇಡ ಎಂದೆಯಲ್ಲ, ಬರೆಯುತ್ತಿದ್ದೇನೆ. ಹಸಿರು ಗಾಡಿ ಕೊಂಡೆ. ಪೆಟ್ರೋಲ್.

ನಿನ್ನ ಬೆಂಚಿನ ಸುದ್ದಿಯೂ ಗೊತ್ತಾಯಿತು. ಹೇಳಿದವಳನ್ನು ನೀನು ಬೈದೆ ಎಂದು ತಿಳಿದರೆ ನಾನೇ ಬಂದು ನಿನ್ನ ಬಾಗಿಲು ಬಡಿಯುತ್ತೇನೆ.

ಸುಳ್ಳು ಹೇಳುವುದಿಲ್ಲ, ಆ ಕಾಗದ ಓದಿ ಅತ್ತೆ. ಅತ್ತು, ಮುಖ ತೊಳೆದುಕೊಂಡು, ಬೂದು ಗಾಡಿಯನ್ನೇ ಕೊಳ್ಳಲು ಹೋದೆ. ಅದರ ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದೆ. ಅಪ್ಪನ ಲಾರಿಯದೇ ಸದ್ದು. ನೀನು ಕಿವಿಗೊಟ್ಟು ಕೇಳಿ ಸರಿ ಎಂದ ಎಂಜಿನ್ನು. ಮಾರುವವನು, "ಏನಮ್ಮಾ, ಇದೇನಾ ಗಟ್ಟಿ?" ಎಂದ. ಹೂಂ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕನ್ನಡಿಯಲ್ಲಿ ಹಿಂದಿನ ಸೀಟು ಕಂಡಿತು. ಅಲ್ಲಿ ಮಲಗುವವನು ನೀನಲ್ಲ. ನಾನೂ ಅಲ್ಲ. ನಿನ್ನ ಮೇಲಿನ ಮರುಕಕ್ಕೆ ನಾನು ಬೇರೆ ಯಾರದೋ ಮುರಿದ ಮೂಳೆ ಅಲುಗಾಡಿಸಬೇಕೇ? ಇಳಿದು ಬಂದು ಹಸಿರಿನ ಕೀಲಿ ಕೇಳಿದೆ.

ನಿನಗೋಸ್ಕರ ನಾನು ಏನು ಬೇಕಾದರೂ ಮಾಡುತ್ತೇನೆ, ತಪ್ಪು ಗಾಡಿ ಕೊಳ್ಳುವುದೊಂದನ್ನು ಬಿಟ್ಟು.

ನಿನ್ನನ್ನು ಬೇಡ ಎಂದವರು ಯಾರು? ಬೆಂಚು ಬೇಡ ಎಂದಿದ್ದಾರೆ, ನಿನ್ನ ಕಿವಿ ಬೇಕು ಎಂದಿದ್ದಾರೆ. ಕರೆದವರ ಮುಂದೆ ನೀನು ಮುಖ ತಿರುಗಿಸಿ ನಿಂತಿದ್ದೀಯ. ಇಲ್ಲಿ ನನ್ನನ್ನು ಯಾರೂ ಕರೆಯಲೇ ಇಲ್ಲ, ನಾನೇ ಬಾಗಿಲು ನೂಕಿಕೊಂಡು ಒಳಗೆ ಹೋಗುತ್ತಿದ್ದೇನೆ. ನೀನು ಒಪ್ಪು ಎಂದು ಹೇಳುವುದಿಲ್ಲ. ಹಟ ನಮ್ಮ ಮನೆಯದೇ ಆಸ್ತಿ, ನನಗೊಬ್ಬಳಿಗೇ ಬರೆದುಕೊಟ್ಟದ್ದಲ್ಲ.

ಪರೀಕ್ಷೆ ಏಪ್ರಿಲ್ ಹತ್ತಕ್ಕೆ. ಹಾರೈಸುವುದಾದರೆ ಹಾರೈಸು, ಇಲ್ಲವಾದರೆ ಮನಸ್ಸಿನಲ್ಲೇ ಬೈದುಕೋ.

ನಿನ್ನನ್ನು ಬಿಡದ ಅಕ್ಕ


ಮಾರ್ಚ್ ೧೯

ಪತ್ರ ತಲುಪಿತು.

ಹಳ್ಳಕ್ಕೆ ಇಳಿಯುವ ಮುಂಚೆ ಗಾಡಿಯ ಮೂತಿಗೆ ಅಡ್ಡವಾಗಿ ಟಾರ್ಪಾಲು ಬಿಗಿದು ಕಟ್ಟು. ನೀರು ಎಂಜಿನ್ನಿನ ಮೇಲೆ ಎರಚುವುದಿಲ್ಲ. ಮೊದಲ ಗೇರಿನಲ್ಲಿ ಇಳಿ, ನಡುವೆ ಗೇರು ಬದಲಿಸಬೇಡ, ನಿಲ್ಲಬೇಡ. ದಾಟಿದ ಕೂಡಲೇ ಟಾರ್ಪಾಲು ಬಿಚ್ಚು, ಇಲ್ಲದಿದ್ದರೆ ಎಂಜಿನ್ ಕಾದುಹೋಗುತ್ತದೆ.

ಇದು ಪೆಟ್ರೋಲಿಗೆ ಮಾಡಿದ ಉಪಕಾರ ಅಂದುಕೊಳ್ಳಬೇಡ.

ತಮ್ಮ


ಏಪ್ರಿಲ್ ೧೨

ತಮ್ಮಾ,

ಪರೀಕ್ಷೆ ಮುಗಿಯಿತು. ಒಳ್ಳೆಯದು ಕೆಟ್ಟದ್ದು ಎರಡೂ ಆಯಿತು. ಆದದ್ದನ್ನು ಆದ ಹಾಗೆಯೇ ಹೇಳುತ್ತೇನೆ, ನೀನು ಕೆಟ್ಟದ್ದಕ್ಕೆ ನಕ್ಕು ಮುಗಿಸಿ ಒಳ್ಳೆಯದಕ್ಕೆ ಬಾ.

ಬೆಳಿಗ್ಗೆ ಆಸ್ಪತ್ರೆಯ ಅಂಗಳದಲ್ಲಿ ಸಮಿತಿಯವರೆಲ್ಲ ಕಾಫಿ ಲೋಟ ಹಿಡಿದು ನಿಂತಿದ್ದರು. ನಾನು ಹೊರಡುವ ಮೊದಲು ಎಂದಿನ ಹಾಗೆ ಉಗ್ರಾಣಕ್ಕೆ ಹೋಗಿ, ಎಂದಿನ ಕ್ಯಾನು ಎತ್ತಿ, ಎಂದಿನ ಆಲಿಕೆ ಇಟ್ಟು, ಹಸಿರು ಗಾಡಿಗೆ ಸುರಿಯಲು ಶುರು ಮಾಡಿದೆ. ಆ ಉಗ್ರಾಣದಲ್ಲಿ ಇರುವುದು ವ್ಯಾನಿನ ಎಣ್ಣೆ ಮಾತ್ರ. ಹೌದು, ಡೀಸೆಲ್! ಮೂರು ತಿಂಗಳು ನಿನ್ನ ಜೊತೆ ಪೆಟ್ರೋಲಿಗಾಗಿ ಕುಸ್ತಿ ಆಡಿದವಳು, ನನ್ನ ಕೈಯಾರೆ ಪೆಟ್ರೋಲ್ ಗಾಡಿಗೆ ಡೀಸೆಲ್ ಕುಡಿಸಿದೆ. ಇಷ್ಟು ವರ್ಷದ ಕೈಗೆ ನನ್ನ ಹೊಸ ನಿರ್ಧಾರ ಯಾರು ಹೇಳಿರಬೇಕು? ಅರ್ಧ ಸುರಿದಾಗ ವಾಸನೆ ಮೂಗಿಗೆ ಬಡಿಯಿತು. ಅಪ್ಪನ ಅಂಗಿಯ ವಾಸನೆ. ಕೈ ಅಲ್ಲೇ ನಿಂತಿತು.

ಕೀಲಿ ಮುಟ್ಟಲಿಲ್ಲ. ಗಾಡಿಯ ಕೆಳಗೆ ನುಗ್ಗಿ ಟ್ಯಾಂಕಿನ ತಳದ ಬಿರಡೆ ಬಿಚ್ಚಿ ಪೂರ್ತಿ ಸುರಿಸಿದೆ. ಬಂಕಿನಿಂದ ಪೆಟ್ರೋಲ್ ತರಿಸಿ, ಒಮ್ಮೆ ತೊಳೆದು ಹೊಸದಾಗಿ ತುಂಬಿದೆ. ಸೀಲು ಸಾಹೇಬರು ಬಗ್ಗಿ, "ಏನಮ್ಮಾ, ಏನಾಯ್ತು?" ಎಂದರು.

"ಡೀಸೆಲ್ ಹಾಕ್ಬಿಟ್ಟೆ ಸಾರ್. ತೆಗೀತಾ ಇದ್ದೀನಿ."

ಏನೋ ಒಂದು ನೆಪ ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಅವರ ಮುಖದಲ್ಲಿ ಹಬ್ಬದ ಕಳೆ ಬಂತು.

ಅಷ್ಟು ಹೊತ್ತಾದ ಗಡಿಬಿಡಿಯಲ್ಲಿ ನಿನ್ನ ಟಾರ್ಪಾಲು ಅಂಗಳದಲ್ಲೇ ಉಳಿಯಿತು. ಹಳ್ಳದ ದಡಕ್ಕೆ ಬಂದ ಮೇಲೆ ನೆನಪಾಯಿತು. ಹಿಂದೆ ಸಮಿತಿಯವರ ಜೀಪು ಹಾರ್ನ್ ಮಾಡುತ್ತಿತ್ತು. ಇಳಿಸಿದೆ. ನೀನು ಹೇಳಿದ್ದೇ ಆಯಿತು, ನಡುವೆ ನೀರು ಎರಚಿ ಎಂಜಿನ್ ಎರಡು ಸಲ ಸೀನಿ ಆರಿಹೋಯಿತು. ಖುಷಿಪಡು, ಒಂದು ನಿಮಿಷ ಕೊಡುತ್ತೇನೆ.

ಕ್ವಾರಿಯವರು ಆಚೆ ದಡದಲ್ಲಿ ಕಾಯುತ್ತಿದ್ದರು. ದಬದಬನೆ ನೀರಿಗಿಳಿದು ನೂಕಲು ಬಂದರು. "ಯಾರೂ ಕೈ ಹಚ್ಬೇಡಿ!" ಎಂದು ಕಿರುಚಿದೆ. ಅವರು ನೂಕಿ ಹತ್ತಿಸಿದ ಗಾಡಿಯನ್ನು ನಾನು ಹತ್ತಿಸಿದೆ ಎಂದು ಯಾರು ಒಪ್ಪುತ್ತಾರೆ? ಮೊಣಕಾಲುದ್ದದ ನೀರಿನಲ್ಲಿ ನಿಂತು ಬಾನೆಟ್ ಎತ್ತಿದೆ. ಪ್ಲಗ್ಗುಗಳ ಮೇಲಿನ ಟೋಪಿಗಳನ್ನು ಒಂದೊಂದಾಗಿ ಕಿತ್ತು, ಒಣ ಬಟ್ಟೆಯಲ್ಲಿ ಒರೆಸಿ, ಊದಿ, ಮತ್ತೆ ಕೂರಿಸಿದೆ. ದಡದಿಂದ ಯಾರೋ "ಡೀಸೆಲ್ ಆಗಿದ್ರೆ..." ಎಂದರು. "ಡೀಸೆಲ್ ಆಗಿದ್ರೆ ಡೀಸೆಲ್ ಆಗಿರ್ತಿತ್ತು, ಸುಮ್ನಿರಿ" ಎಂದೆ. ಕೀಲಿ ತಿರುಗಿಸಿದೆ. ಮೊದಲ ಸಲ ಗೊಣಗಿತು. ಎರಡನೇ ಸಲ ಹತ್ತಿಕೊಂಡಿತು.

ಆಮೇಲೆ ನೋಡಬೇಕಿತ್ತು ನೀನು. ಕ್ವಾರಿಯ ಕೊನೆಯ ಏರು ಇದೆಯಲ್ಲ, ಕಲ್ಲು ಸಡಿಲವಾಗಿರುವುದು, ಅಲ್ಲಿ ಪೆಟ್ರೋಲ್ ಎಂಜಿನ್ನಿನ ಭಾರ ಕಡಿಮೆಯಾಗಿ ಮೂತಿ ಹಗುರವಾಗಿದ್ದದ್ದಕ್ಕೇ ಗಾಡಿ ಹೂತುಕೊಳ್ಳದೆ ಹತ್ತಿತು. ಕೆರಳಿಸಿ ಕೆಲಸ ತೆಗೆ ಎಂದೆಯಲ್ಲ, ಕೆರಳಿಸಿದೆ. ಎದೆ ಸೀಳುವ ಹಾಗೆ ಕೂಗಿಕೊಂಡು ಹತ್ತಿತು. ಜನ ಕೂಗಿದರು, ನಾನೂ ಕೂಗಿದೆ. ಇಳಿಯುವಾಗ ಅವರ ಒಂದು ಪ್ಲಾಸ್ಟಿಕ್ ಹಾಳೆ ಮೂತಿಗೆ ಕಟ್ಟಿಕೊಂಡು ಹಳ್ಳವನ್ನು ಒಂದೇ ಉಸಿರಿಗೆ ದಾಟಿದೆ. ನಿನ್ನ ಮಾತು ಕೆಲಸ ಮಾಡುತ್ತದೆ.

ಸಮಿತಿ ಕೂತಿತು. ಸೀಲು ಸಾಹೇಬರು ಓದಿದರು: "ಗಾಡಿ ಪಾಸು. ಡ್ರೈವರ್ ಬೇರೆ ಇಡ್ಬೇಕು. ಯಾವ ಎಣ್ಣೆ ಹಾಕ್ಬೇಕು ಅಂತ ಗೊತ್ತಿಲ್ದೋರ ಕೈಗೆ ರೋಗಿಗಳನ್ನ ಕೊಡೋಕಾಗಲ್ಲ."

ಹಲ್ಲು ಕಚ್ಚಿ ನಿಂತಿದ್ದೆ. ಡೀಸೆಲ್ ತಂದಿದ್ದರೆ ಡೀಸೆಲ್ಲಿನದೊಂದು ನೆಪ ಸಿಗುತ್ತಿತ್ತು ಅವರಿಗೆ. ನಾವಿಬ್ಬರೂ ಎಂಜಿನ್ನಿಗಾಗಿ ಬಡಿದಾಡಿದೆವು ತಮ್ಮಾ, ಅವರಿಗೆ ಬೇಡವಾಗಿದ್ದದ್ದು ಎಂಜಿನ್ನಲ್ಲ.

ಕೀಲಿ ಇನ್ನೂ ನನ್ನ ಸೊಂಟದಲ್ಲೇ ಇದೆ.

ಅಕ್ಕ


ಏಪ್ರಿಲ್ ೨೨

ತಮ್ಮಾ,

ನಿನಗೆ ಸೀಲು ಸಾಹೇಬರ ಕಾಗದ ಬಂದಿರಬೇಕು. ಬಂದಿಲ್ಲವಾದರೆ ಇವತ್ತೋ ನಾಳೆಯೋ ಬರುತ್ತದೆ. ಅದರ ಹಿಂದೆ ಏನಿದೆ ಎಂದು ನನ್ನಿಂದಲೇ ತಿಳಿದುಕೋ.

ಬೇರೆ ಡ್ರೈವರ್ ಎಂದರಲ್ಲ, ಇಬ್ಬರನ್ನು ಹುಡುಕಿ ತಂದರು. ಒಬ್ಬ ಹಳ್ಳ ನೋಡಿ ನೀರಿಗೂ ಇಳಿಯದೆ ತಿರುಗಿ ಹೋದ. ಇನ್ನೊಬ್ಬ ಏರಿನ ಅರ್ಧದಲ್ಲಿ ಗಾಡಿ ನಿಲ್ಲಿಸಿ, ಇಳಿದು ಮನೆಗೆ ನಡೆದ. ಅದನ್ನು ಅಲ್ಲಿಂದ ಇಳಿಸಿ ತಂದವಳು ಡ್ರೈವರ್ ಆಗಲು ಲಾಯಕ್ಕಿಲ್ಲದ ನಾನು. ಆಗ ದಾದಿ ಬಾಯಿತಪ್ಪಿ, ನಿನ್ನ ಕಾರ್ಖಾನೆ, ನಿನ್ನ ಬೆಂಚು, ಎಲ್ಲ ಹೇಳಿಬಿಟ್ಟಳು. ಸೀಲು ಸಾಹೇಬರ ಕಣ್ಣು ಅರಳಿತು. "ಎಂಜಿನ್ ಗೊತ್ತಿರೋ ಗಂಡಸು, ಮನೆಯೋರೇ, ಕೆಲಸನೂ ಹುಡುಕ್ತಿದ್ದಾರೆ. ಅವರನ್ನೇ ಕರೆಸೋಣ." ಎಲ್ಲರ ಮುಂದೆ ನಾನು ಕೇಳಿದೆ, "ಅವನು ಬರಲ್ಲ ಅಂದ್ರೆ?" "ಅವರೂ ಬರಲ್ಲ ಅಂದ್ರೆ ಇನ್ನೇನ್ ಮಾಡೋದು, ಹಣೆಬರಹ, ನೀವೇ ಓಡಿಸಿ" ಎಂದರು. ಸಮಿತಿಯವರೆಲ್ಲ ಕೇಳಿಸಿಕೊಂಡಿದ್ದಾರೆ.

ಹೀಗೆ ನನ್ನ ದಾರಿ ಈಗ ನಿನ್ನ ಕೈಗೆ ಬಂದು ಕೂತಿದೆ.

ಕೀಲಿ ಕೊಡುವುದಿಲ್ಲ, ನನ್ನ ಗಾಡಿ, ಎನ್ನಬಹುದು. ಆದರೆ ಹಾಗೆಂದರೆ ದಾರಿಯನ್ನೇ ಕೈಬಿಡುತ್ತಾರೆ. ಬಾಗಿಲ ಮೇಲೆ ಮಲಗಿ ಬರಬೇಕಾದವರು ಮೇಲಿನವರು, ನನ್ನ ಹಟಕ್ಕೆ ಅವರು ಯಾಕೆ ಕೂಗಿಕೊಳ್ಳಬೇಕು? ನೀನು ಬರುತ್ತೇನೆ ಎಂದರೆ ಕೀಲಿ ಕೊಡುತ್ತೇನೆ. ನಿನ್ನ ಮನೆಯ ಒಲೆ ಉರಿಯಬೇಕು, ಮಗಳು ಓದಬೇಕು, ಅದೆಲ್ಲ ನನಗೆ ಗೊತ್ತಿಲ್ಲದ್ದಲ್ಲ.

ಆದರೆ ಸಂತೋಷದಿಂದ ಕೊಟ್ಟೆ ಎಂದು ನನ್ನ ಬಾಯಿಂದ ಹೇಳಿಸಬೇಡ. ನೀನು ಆ ಸೀಟಿನಲ್ಲಿ ಕೂತ ದಿನದಿಂದ ನಾನು ನಿನಗೆ ಅನ್ನ ಬಡಿಸುತ್ತೇನೆ, ಬಟ್ಟೆ ಒಗೆದುಕೊಡುತ್ತೇನೆ, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತೇನೆ. ಮಾತಾಡುವುದಿಲ್ಲ. ನನಗೆ ಆಗುವುದಿಲ್ಲ.

ಬೇಡಿಕೊಂಡೆ ಎಂದು ತಿಳಿಯಬೇಡ. ಹೇಳಿದೆ, ಅಷ್ಟೇ.

ಅಕ್ಕ


ಮೇ ೨

ಅಕ್ಕಾ,

ಅವರ ಕಾಗದ ನಿನ್ನದಕ್ಕಿಂತ ಮೊದಲೇ ಬಂದಿತ್ತು. ನನ್ನ ಹೆಂಡತಿ ಗಟ್ಟಿಯಾಗಿ ಓದಿದಳು. ಒಳ್ಳೆ ಸಂಬಳ, ಇರಲು ಆಸ್ಪತ್ರೆಯದೇ ಮನೆ, ಮೇಲೆ ಗೌರವದ ಮಾತು. ಬೆಂಚು ಮುಚ್ಚಲು ಒಂದು ವಾರವಿತ್ತು. ಒಪ್ಪಿಗೆ ಎಂದು ಬರೆಯಲು ಪೆನ್ನು ಕೈಗೆ ತೆಗೆದುಕೊಂಡೆ. ನಿನ್ನ ಮುಂದೆ ಮುಚ್ಚಿಡುವುದೇನು?

"ಅತ್ತಿಗೆ ಎಲ್ಲಿ ಕೂತ್ಕೋತಾರೆ?" ಎಂದಳು ಇವಳು.

"ಪಕ್ಕದಲ್ಲಿ" ಎಂದೆ.

ಇವಳು ಎದ್ದು ಒಳಗೆ ಹೋದಳು. ಮಗಳು ಮಾತ್ರ ಅಲ್ಲೇ ನಿಂತು ನನ್ನನ್ನು ನೋಡಿದಳು. "ಅತ್ತೆ ಯಾಕಪ್ಪಾ ಪಕ್ಕದಲ್ಲಿ? ಗಾಡಿ ಅತ್ತೇದಲ್ವಾ?" ಪೆನ್ನು ಮುಚ್ಚಿಟ್ಟೆ. ಮರುದಿನ ನಿನ್ನ ಕಾಗದ ಬಂತು. ಜ್ವರ ಬಂದರೆ ಹಣೆ ಮುಟ್ಟುತ್ತೇನೆ, ಮಾತಾಡುವುದಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಚಿಕ್ಕ ಹುಡುಗನ ಹಾಗೆ ಅತ್ತುಬಿಟ್ಟೆ.

ಆ ದಿನವೇ ವಿಭಾಗದ ಮುಖ್ಯಸ್ಥರ ಕೋಣೆಗೆ ಹೋಗಿ, "ಪೆಟ್ರೋಲ್ ಬೆಂಚು ಕೊಡಿ" ಎಂದೆ. ಅವರು ಕನ್ನಡಕ ತೆಗೆದು ನೋಡಿದರು. "ಹೊಲಿಗೆ ಮಿಷಿನ್ ಅಂತಿದ್ರಿ?"

"ಈಗಲೂ ಅಂತೀನಿ."

"ಮತ್ತೆ ಮನಸ್ಸು ಬದಲಾಗಿದ್ದು ಯಾಕೆ?"

"ಮನಸ್ಸು ಬದಲಾಗಿಲ್ಲ ಸಾರ್. ಇದನ್ನ ಒಪ್ಕೊಳ್ಳದೆ ಇದ್ರೆ ನಮ್ಮಕ್ಕನ ಕೆಲಸ ಕಿತ್ಕೋಬೇಕಾಗುತ್ತೆ."

ಅವರಿಗೆ ಅರ್ಥವಾಗಲಿಲ್ಲ. ಸಹಿ ಹಾಕಿಕೊಟ್ಟರು, ಅಷ್ಟು ಸಾಕು. ಡೀಸೆಲ್ ಬೆಂಚಿನ ಕೊನೆಯ ಎಂಜಿನ್ನನ್ನು ನಾನೇ ಆರಿಸಿದೆ. ನಿನಗಲ್ಲದೆ ಇನ್ನಾರಿಗೂ ಹೇಳುವುದಿಲ್ಲ, ಅದರ ಮೇಲೆ ಕೈಯಿಟ್ಟು, ಬಿಸಿ ಇಳಿಯುವವರೆಗೆ ನಿಂತಿದ್ದೆ. ಡೀಸೆಲ್ಲೇ ಒಳ್ಳೆಯದು. ಇದನ್ನು ಸಾಯುವವರೆಗೂ ಹೇಳುತ್ತೇನೆ, ಬಂದು ಎಷ್ಟು ಬಟ್ಟಲು ಬೇಕಾದರೂ ಇಟ್ಟು ನೋಡು.

ಸೀಲು ಸಾಹೇಬರಿಗೆ ಬರೆದದ್ದನ್ನು ಹಾಗೆಯೇ ಇಳಿಸಿದ್ದೇನೆ:

"ಮಾನ್ಯರೇ, ಕೆಲಸಕ್ಕೆ ಕರೆದದ್ದಕ್ಕೆ ಕೃತಜ್ಞ. ನನಗೆ ಇಲ್ಲಿ ಕೆಲಸವಿದೆ, ಬರುವುದಿಲ್ಲ. ನಾನು ಎಂಜಿನ್ನಿನ ಮನುಷ್ಯ, ಹಳ್ಳ ದಾಟುವ ಡ್ರೈವರ್ ಅಲ್ಲ. ತಪ್ಪು ಎಣ್ಣೆ ಹಾಕುವ ಕೈ ಎಲ್ಲರಿಗೂ ಇದೆ. ವಾಸನೆ ಹಿಡಿದು, ಕೀಲಿ ಮುಟ್ಟದೆ, ನಾಲ್ಕು ಜನರ ಎದುರು ಅದನ್ನು ಬಾಯಿಬಿಟ್ಟು ಹೇಳಿ, ಸುರಿಸಿ, ತೊಳೆದು ಹೊರಡುವವರು ಕಡಿಮೆ. ಅಂಥವರು ನಮ್ಮ ಬೆಂಚಿನ ಮುಂದೆ ಸಿಕ್ಕರೆ ನಾವು ಬಿಡುವುದಿಲ್ಲ. ನಿಮ್ಮ ಅಂಗಳದಲ್ಲೇ ಒಬ್ಬರಿದ್ದಾರೆ. ನಾನು ಬರದಿದ್ದರೆ ಅವರೇ ಓಡಿಸಲಿ ಎಂದು ತಾವು ಸಮಿತಿಯ ಎದುರು ಹೇಳಿದ್ದಾಗಿ ಕೇಳಿದೆ. ನಾನು ಬರುವುದಿಲ್ಲ."

ಸಮಿತಿಯ ಪ್ರತಿಯೊಬ್ಬರಿಗೂ ಒಂದೊಂದು ಪ್ರತಿ ಕಳಿಸಿದ್ದೇನೆ. ಮಾತು ನುಂಗಲು ಜಾಗವಿಲ್ಲ.

ಇಷ್ಟರಲ್ಲೇ ನಿನ್ನನ್ನು ಒಳಗೆ ಕರೆಯುತ್ತಾರೆ. ಕೂರಿ ಎನ್ನಲಿ ಎಂದು ಕಾಯುತ್ತ ನಿಲ್ಲಬೇಡ, ಕೂತುಬಿಡು. ಬೇರೆ ಯಾರೂ ಸಿಗಲಿಲ್ಲವೆಂದು ಅವರು ನಿನ್ನನ್ನು ಕರೆಯುತ್ತಾರೆ ಅಕ್ಕಾ. ನೀನೇ ಬೇಕೆಂದು ಕರೆದ ಹಾಗೆ ಹೋಗು.

ನಿನ್ನ ತಮ್ಮ,
ಪೆಟ್ರೋಲ್ ಎಂಜಿನ್ ಪರೀಕ್ಷಾ ವಿಭಾಗ